ಅಜ್ಜಿಯ ಕಾಲಿನ ಗಾಯದಲ್ಲಿ ಹುಳ ಬಿದ್ದಿದೆ. ಬೇವಿನೆಣ್ಣೆ ಹಾಕಲಾ, ಸೀಮೆಎಣ್ಣೆ ಹಾಕಲಾ? ಆಸ್ಪತ್ರೆಗೆ ಹೋದರೆ ಜನ ಏನಂದುಕೊಳ್ಳುತ್ತಾರೋ ಅಂತ ಸಂಕೋಚ.

ಎರಡೂ ಬೇಡ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಅಪ್ಪನ ಕಾಲೇ ಕಣ್ಣಿಗೆ ಕಟ್ಟಿತು.

ಅಪ್ಪನಿಗೆ ಸಕ್ಕರೆ ಕಾಯಿಲೆ. ಪಾದ ಜೋಮು ಹಿಡಿದು ಏನೂ ಗೊತ್ತಾಗುತ್ತಿರಲಿಲ್ಲ. ಕಿರುಬೆರಳ ಪಕ್ಕ ಚಪ್ಪಲಿ ಕಚ್ಚಿ ಗಾಯ ಆಗಿತ್ತು. ಅದೇ ಕಾಲಲ್ಲಿ ಕೊಟ್ಟಿಗೆ ಕೆಲಸ, ಮಧ್ಯಾಹ್ನ ಜಗಲಿ ಮೇಲೆ ನಿದ್ದೆ. ಒಂದು ಸಂಜೆ ಕಾಲು ತೊಳೆಯುವಾಗ ನೋಡಿದೆ. ಗಾಯದ ಗುಂಡಿಯಲ್ಲಿ ನುಚ್ಚಕ್ಕಿಯಂಥ ಬಿಳಿ ಚುಕ್ಕೆಗಳು. ಮೇಲೆ ಬರುತ್ತಿದ್ದವು, ಮತ್ತೆ ಒಳಗೆ ಹೋಗುತ್ತಿದ್ದವು.

ನಮ್ಮ ಕಡೆ ದನದ ಗಾಯಕ್ಕೆ ಹುಳ ಬಿದ್ದರೆ ಸೀತಾಫಲದ ಎಲೆ ಅರೆದು ತುಂಬುತ್ತಾರೆ. ನಾನೂ ಅದನ್ನೇ ಮಾಡಿದೆ. ಹತ್ತು ಹನ್ನೆರಡು ಹುಳ ಹೊರಗೆ ಬಂದವು. ಚಿಮಟದಲ್ಲಿ ತೆಗೆದು, ಬಟ್ಟೆ ಕಟ್ಟಿ, ಮುಗೀತು ಅಂದುಕೊಂಡೆ.

ಆ ಮುಗೀತು ಅಂದುಕೊಂಡದ್ದೇ ತಪ್ಪು. ಸೊಪ್ಪು ಹಾಕಿದ್ದಕ್ಕಿಂತ ದೊಡ್ಡ ತಪ್ಪು ಅದು. ಗಾಯದ ಮೇಲೆ ಕಾಣುವುದು ಹುಳದ ಹಿಂಭಾಗ ಮಾತ್ರ. ಉಸಿರಾಡುವ ತೂತು ಅಲ್ಲಿದೆ. ತಲೆ ಕೆಳಗೆ, ಮಾಂಸದಲ್ಲಿ. ಬಾಯಲ್ಲಿ ಕೊಕ್ಕೆ, ಮೈ ಸುತ್ತ ಸ್ಕ್ರೂವಿನ ಹಾಗೆ ಮುಳ್ಳಿನ ಪಟ್ಟಿ. ನಮ್ಮ ದೇಶದಲ್ಲಿ ಹೀಗೆ ಜೀವಂತ ಮಾಂಸವನ್ನೇ ತಿನ್ನುವ ಹುಳ ಕ್ರೈಸೋಮಿಯ ಬೆಜಿಯಾನ ಅನ್ನುವ ನೊಣದ ಮರಿ. ಆ ನೊಣ ಗಾಯದ ಅಂಚಲ್ಲಿ ಒಂದೇ ಸಲಕ್ಕೆ ಸುಮಾರು 150ರಿಂದ 200 ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಮರಿ. ನಾನು ತೆಗೆದದ್ದು ಹನ್ನೆರಡು! ಉಳಿದವು ಒಳಗೇ ಇದ್ದವು. ಅದರ ಮೇಲೆ ನಾನು ಬಟ್ಟೆ ಬೇರೆ ಕಟ್ಟಿದೆ. ಮೂರು ದಿನ ಬಟ್ಟೆ ನೋಡಿದೆನೇ ಹೊರತು ಬಿಚ್ಚಿ ಗಾಯ ನೋಡಲಿಲ್ಲ. ಬಟ್ಟೆ ಒಣಗಿದೆ, ಅಪ್ಪ ನೋವು ಅನ್ನುತ್ತಿಲ್ಲ, ಅಂದರೆ ವಾಸಿ ಆಗ್ತಿದೆ ಅಂತ ಲೆಕ್ಕ ಹಾಕಿದೆ. ಜೋಮು ಹಿಡಿದ ಕಾಲಲ್ಲಿ ನೋವು ಎಲ್ಲಿಂದ ಬರಬೇಕು?

ನಾಲ್ಕನೇ ದಿನ ವಾಸನೆ. ಆಸ್ಪತ್ರೆಯಲ್ಲಿ ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಗಾಜ್ ಬಟ್ಟೆ ಇಟ್ಟರು. ಉಸಿರು ಸಿಗದೆ ಹುಳಗಳು ಮೇಲೆ ಬಂದವು. ಡಾಕ್ಟರು ಒಂದೊಂದಾಗಿ ತೆಗೆದರು. ಮೊದಲ ದಿನ 43. ಮಾರನೇ ದಿನ ಮತ್ತೆ 19. ಅಷ್ಟರಲ್ಲಿ ಮೂಳೆಗೆ ಸೋಂಕು ತಗುಲಿತ್ತು. ಎರಡು ಬೆರಳು ತೆಗೆಯಬೇಕಾಯಿತು. ಮೊದಲ ಸಂಜೆಯೇ ಹೋಗಿದ್ದರೆ ಬೆರಳು ಉಳಿಯುತ್ತಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಟರ್ಪೆಂಟೈನ್ ಹೆಸರು ಕೇಳಿ ನೀವೇ ತಂದು ಹಾಕಬೇಡಿ, ಚರ್ಮ ಸುಡುತ್ತದೆ. ಸೀಮೆಎಣ್ಣೆ, ಫಿನಾಯಿಲ್ ಕೂಡ ಅಷ್ಟೇ. ಮೂಗು, ಕಿವಿ, ಕಣ್ಣು, ಬಾಯಲ್ಲಿ ಹುಳ ಆದರಂತೂ ಒಂದು ಗಂಟೆಯೂ ಕಾಯಬಾರದು.

ಇನ್ನು ಸಂಕೋಚದ ಮಾತು. ನಾನೂ ಅದಕ್ಕೇ ಮುಚ್ಚಿಟ್ಟಿದ್ದು. ಅಪ್ಪನನ್ನು ಸರಿಯಾಗಿ ನೋಡಿಕೊಂಡಿಲ್ಲ ಅನ್ನುತ್ತಾರೆ ಅಂತ. ನೊಣಕ್ಕೆ ಬೇಕಾದದ್ದು ತೆರೆದ ಗಾಯ, ಸ್ವಲ್ಪ ಹೊತ್ತು, ಅಷ್ಟೇ. ಅಜ್ಜಿ ಮಧ್ಯಾಹ್ನ ಒಂದು ನಿದ್ದೆ ತೆಗೆದಷ್ಟು ಹೊತ್ತು ಸಾಕು. ಡಾಕ್ಟರು, ನರ್ಸುಗಳು ಇದನ್ನು ಎಷ್ಟೋ ಸಲ ನೋಡಿರುತ್ತಾರೆ.

ಗಾಯದ ಮೇಲೆ ಒಂದು ಶುಭ್ರ ಬಟ್ಟೆ ಹಾಕಿಕೊಂಡು ಹೊರಡಿ. ಸಕ್ಕರೆ ಪರೀಕ್ಷೆ ಮಾಡಿಸಿ, ಟೆಟನಸ್ ಇಂಜೆಕ್ಷನ್ ಬಗ್ಗೆ ಕೇಳಿ. ಒಂದೇ ದಿನಕ್ಕೆ ಬಿಡಬೇಡಿ, ಮಾರನೇ ದಿನವೂ ಡ್ರೆಸ್ಸಿಂಗ್‌ಗೆ ಹೋಗಿ. ನರ್ಸ್ ಬಟ್ಟೆ ಬಿಚ್ಚಿದಾಗ ಪಕ್ಕದಲ್ಲೇ ನಿಂತು ಗಾಯವನ್ನು ನೀವೂ ನೋಡಿ.