ಹಬ್ಬದ ದಿನ ಬೆಳಿಗ್ಗೆ ಸೀರೆ ಯಾರು ಕೊಳ್ಳುತ್ತಾರೆ?

ಅಂಗಡಿಯ ಸೋಶಿಯಲ್ ಮೀಡಿಯಾ ಪೋಸ್ಟ್‌ಗಳ ಬಗ್ಗೆ ಈ ಸಲವೂ ಅದೇ ಪ್ರಶ್ನೆಗಳು. ಕಂಟೆಂಟ್ ಕ್ಯಾಲೆಂಡರ್ (ಯಾವ ದಿನ ಯಾವ ಪೋಸ್ಟ್ ಎಂಬ ಪಟ್ಟಿ) ಮಾಡಿಕೊಡಿ, ದಿನಾ ಏನು ಪೋಸ್ಟ್ ಹಾಕಬೇಕು ಹೇಳಿ, ಎಷ್ಟು ಗಂಟೆಗೆ ಹಾಕಬೇಕು ಹೇಳಿ. ಪೇಜ್ ತೆರೆಯುವುದು ಹೇಗೆ, ಫೋಟೊ ಏರಿಸುವುದು ಹೇಗೆ ಎಂದು ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ಮನೆಯಲ್ಲಿ ಹೈಸ್ಕೂಲ್ ಓದುವ ಮಕ್ಕಳಿದ್ದರೆ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಪ್ರಶ್ನೆ: ಮೇಡಂ, ನಾನು ಮನೆಯಲ್ಲೇ ಸೀರೆ ವ್ಯಾಪಾರ ಮಾಡುತ್ತೇನೆ. 499 ರೂಪಾಯಿ ಕೊಟ್ಟು 365 ದಿನಗಳ ಕಂಟೆಂಟ್ ಕ್ಯಾಲೆಂಡರ್ ತಗೊಂಡೆ. ಒಂದು ದಿನವೂ ತಪ್ಪಿಸದೆ ಪೋಸ್ಟ್ ಹಾಕಿದ್ದೇನೆ. 2025ರ ವರಮಹಾಲಕ್ಷ್ಮಿ ದಿನ ಬೆಳಿಗ್ಗೆ 7ಕ್ಕೇ ಹೊಸ ಸೀರೆಗಳ ಫೋಟೊ ಹಾಕಿದೆ. ಲೈಕ್ ಬಂತು, ಒಂದೇ ಒಂದು ಆರ್ಡರ್ ಬರಲಿಲ್ಲ. ಎಲ್ಲಿ ತಪ್ಪಿದೆ? ವಾಟ್ಸಾಪ್ ಹೇಗೆ ಬಳಸಬೇಕು? – ದಾವಣಗೆರೆಯ ಓದುಗರು

ಅಮ್ಮಾ, ಆ ಹೊತ್ತಿಗೆ ನಿಮ್ಮ ಗ್ರಾಹಕರು ಕಲಶಕ್ಕೆ ಸೀರೆ ಉಡಿಸುತ್ತಿದ್ದರು. ಅವರು ಉಟ್ಟ ಸೀರೆ ಎಂದೋ ಕೊಂಡಾಗಿತ್ತು.

ನಿಮ್ಮ ಆ 499 ರೂಪಾಯಿಯ ಕ್ಯಾಲೆಂಡರನ್ನು ಇನ್ನೊಮ್ಮೆ ತೆಗೆದು ನೋಡಿ. ಇಂಥವು ನನ್ನ ಕೈಗೆ ಬೇಕಾದಷ್ಟು ಬಂದಿವೆ. ಜುಲೈ 17ಕ್ಕೆ ವಿಶ್ವ ಇಮೋಜಿ ದಿನ, ಆಗಸ್ಟ್ 8ಕ್ಕೆ ಅಂತರರಾಷ್ಟ್ರೀಯ ಬೆಕ್ಕಿನ ದಿನ. ವರಮಹಾಲಕ್ಷ್ಮಿಯೂ ಅದೇ ಆಗಸ್ಟ್ 8ಕ್ಕೆ ಬಂದಿತ್ತು, ಅಲ್ವಾ? ಎಲ್ಲೋ ಕೂತು ಯಾವುದೋ ದೇಶದ ಪಟ್ಟಿಯನ್ನು ಕಾಪಿ ಮಾಡಿ ಮಾರುವವರಿಗೆ ದಾವಣಗೆರೆಯ ಸೀರೆ ಅಂಗಡಿಯೂ ಒಂದೇ, ಕಾರಿನ ಶೋರೂಮೂ ಒಂದೇ.

ಸೀರೆಯ ಕ್ಯಾಲೆಂಡರನ್ನು ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಬೇಕು. ಸೀರೆ ಕೊಂಡ ತಕ್ಷಣ ಉಡುವುದಕ್ಕೆ ಆಗುತ್ತದೆಯೇ? ಫಾಲ್ ಹಚ್ಚಬೇಕು, ಜಿಗ್‌ಜಾಗ್ ಹೊಡೆಸಬೇಕು, ಬೇಕಾದವರು ಸೆರಗಿಗೆ ಕುಚ್ಚು ಕಟ್ಟಿಸಬೇಕು. ಎಲ್ಲಕ್ಕಿಂತ ದೊಡ್ಡ ತಲೆನೋವು ಬ್ಲೌಸ್. ಹಬ್ಬಕ್ಕೆ ಒಂದು ವಾರ ಇರುವಾಗ ಟೈಲರ್ ಹತ್ತಿರ ಹೋಗಿ, 'ಇನ್ನು ಆಗಲ್ಲ ಅಕ್ಕಾ, ಹಬ್ಬ ಆದಮೇಲೆ ಬನ್ನಿ' ಎನ್ನುತ್ತಾರೆ. ನಿಮ್ಮ ವ್ಯಾಪಾರದ ಕೊನೆಯ ದಿನವನ್ನು ಗೊತ್ತು ಮಾಡುವುದು ನಿಮ್ಮ ಬೀದಿಯ ಟೈಲರ್. ಕ್ಯಾಲೆಂಡರ್ ಬರೆಯುವ ಮೊದಲು ಇಬ್ಬರು ಮೂವರು ಟೈಲರ್‌ಗಳನ್ನು ಕೇಳಿ, ಹಬ್ಬಕ್ಕೆ ಹೊಲಿಯಲು ಬಟ್ಟೆ ತೆಗೆದುಕೊಳ್ಳುವುದನ್ನು ಯಾವಾಗ ನಿಲ್ಲಿಸುತ್ತೀರಿ ಅಂತ.

2025ರ ಲೆಕ್ಕವನ್ನೇ ಹಾಕೋಣ. ಹಬ್ಬ ಆಗಸ್ಟ್ 8. ಟೈಲರ್ ಬಾಗಿಲು ಹಾಕುವುದು ಹೆಚ್ಚುಕಮ್ಮಿ ಜುಲೈ 28ಕ್ಕೆ ಅಂದುಕೊಳ್ಳಿ. ಕೊರಿಯರ್‌ಗೆ ನಾಲ್ಕೈದು ದಿನ. ಅಲ್ಲಿಗೆ ಜುಲೈ 22ರ ಸುಮಾರಿಗೆ ಆರ್ಡರ್ ನಿಮ್ಮ ಕೈಯಲ್ಲಿರಬೇಕು. ಫೋಟೊ ನೋಡಿದ ದಿನವೇ ಯಾರೂ ಹಣ ಹಾಕುವುದಿಲ್ಲ. ತಂಗಿಗೆ ಕಳಿಸುತ್ತಾರೆ, ಅತ್ತೆಗೆ ತೋರಿಸುತ್ತಾರೆ, ಇದೇ ಸೀರೆ ಬೇರೆ ಬಣ್ಣದಲ್ಲಿ ಇದೆಯಾ ಎನ್ನುತ್ತಾರೆ. ಅದಕ್ಕೆ ಒಂದು ವಾರ ಹಿಡಿಯಿರಿ. ಸಂಬಳ ಆಗುವುದು ತಿಂಗಳ ಮೊದಲ ವಾರ. ಹಾಗಾಗಿ ಹಬ್ಬದ ಸೀರೆ ಹೊರಡುವುದು ಜುಲೈ ಸಂಬಳದಿಂದ. ಆಗಸ್ಟ್ ಸಂಬಳ ಹೂವು, ಹಣ್ಣು, ಬಾಗಿನಕ್ಕೆ. ನಿಮ್ಮ ಹಬ್ಬದ ಪೋಸ್ಟ್ ಶುರುವಾಗಬೇಕಿದ್ದದ್ದು ಜುಲೈ 1ಕ್ಕೆ.

ಈಗ ನೀವು ಕೇಳುತ್ತೀರಿ, ಅದು ಆಷಾಢ ಅಲ್ವಾ ಅಂತ. ಹೌದು. ಆ ವರ್ಷ ಶ್ರಾವಣ ಶುರುವಾದದ್ದು ಜುಲೈ 25ಕ್ಕೆ, ಹಬ್ಬಕ್ಕೆ ಉಳಿದದ್ದು ಎರಡೇ ವಾರ. ಆಷಾಢದಲ್ಲಿ ಕೊಳ್ಳಲು ಹಿಂಜರಿಯುವವರು ಈಗಲೂ ಇದ್ದಾರೆ. ಅದಕ್ಕೇ ದೊಡ್ಡ ಅಂಗಡಿಗಳು ಆಷಾಢ ಸೇಲ್ ಹಾಕುವುದು. ಆ ರಿಯಾಯಿತಿಯ ಓಟಕ್ಕೆ ನೀವು ಇಳಿಯಬೇಡಿ, ಮುಳುಗುತ್ತೀರಿ. ಬದಲಿಗೆ ಮುಂಗಡ ತೆಗೆದುಕೊಂಡು ಸೀರೆ ಎತ್ತಿಡಿ. ಬ್ಲೌಸ್ ಪೀಸ್ ಕತ್ತರಿಸಿ ಮೊದಲು ಟೈಲರ್‌ಗೆ ಕಳಿಸಿ, ಸೀರೆಯನ್ನು ಶ್ರಾವಣದ ಮೊದಲ ದಿನ ಕಳಿಸಿ. 'ಆಷಾಢದಲ್ಲಿ ಆರಿಸಿ, ಶ್ರಾವಣದಲ್ಲಿ ಮನೆಗೆ' ಎಂದು ಬರೆದು ಹಾಕಿ. ಹೀಗೆ ಮಾಡಿದವರ ವ್ಯಾಪಾರ ನಾನು ಕಣ್ಣಾರೆ ನೋಡಿದ್ದೇನೆ.

ಏನು ಹಾಕಬೇಕು ಎನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಫೋನ್‌ನಲ್ಲಿ ಗ್ರಾಹಕರು ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಸೆರಗು ಬಿಡಿಸಿ ತೋರಿಸ್ತೀರಾ? ಬಿಸಿಲಲ್ಲಿ ಬಣ್ಣ ಹೇಗೆ ಕಾಣುತ್ತೆ? ಮೊದಲ ಒಗೆತಕ್ಕೆ ಬಣ್ಣ ಬಿಡುತ್ತಾ? ಇಳಕಲ್ ಸೀರೆಯ ಸೆರಗನ್ನು ಒಡಲಿಗೆ ಹೇಗೆ ಜೋಡಿಸ್ತಾರೆ? ಒಂದು ಪ್ರಶ್ನೆಗೆ ಒಂದು ಪೋಸ್ಟ್. ವಾರಕ್ಕೆ ಎರಡು ಸಾಕು, ಹಬ್ಬದ ಮುಂಚಿನ ತಿಂಗಳು ನಾಲ್ಕು. ಮತ್ತೆ ದಯವಿಟ್ಟು ಬೆಲೆ ಹಾಕಿ. 'ಬೆಲೆಗೆ ಇನ್‌ಬಾಕ್ಸ್ ಮಾಡಿ' ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾಚಿಕೆಯ ಸ್ವಭಾವದ ಗ್ರಾಹಕರು ಕೇಳುವುದಿಲ್ಲ, ಸುಮ್ನೆ ಮುಂದೆ ಹೋಗುತ್ತಾರೆ.

ಗಣೇಶನ ಹಬ್ಬ ಮುಗಿದು ಪಿತೃಪಕ್ಷ ಬಂದಾಗ ಸುಮ್ಮನಿರಿ. ಆ 15 ದಿನ ಹೊಸ ಬಟ್ಟೆ ಕೊಳ್ಳುವವರು ಕಡಿಮೆ. 2025ರಲ್ಲಿ ಸೆಪ್ಟೆಂಬರ್ 21ಕ್ಕೆ ಮಹಾಲಯ ಅಮಾವಾಸ್ಯೆ, ಮರುದಿನವೇ ನವರಾತ್ರಿ. ಪಿತೃಪಕ್ಷದಲ್ಲಿ ಕೂತು ದೀಪಾವಳಿಯ ಫೋಟೊ ತೆಗೆದಿಟ್ಟುಕೊಳ್ಳಿ. ನವರಾತ್ರಿಯ ಪೋಸ್ಟ್‌ಗಳು ಅಷ್ಟರಲ್ಲಾಗಲೇ ಹೋಗಿರಬೇಕು.

ಇನ್ನೊಂದು ಎಚ್ಚರಿಕೆ, ಇದು ನನ್ನದೇ ಮೂರ್ಖತನ. 2023ರಲ್ಲಿ ಒಂದು ಸಿಹಿತಿಂಡಿ ಅಂಗಡಿಗೆ ಹಿಂದಿನ ವರ್ಷದ ಕ್ಯಾಲೆಂಡರನ್ನೇ ಎತ್ತಿ ಇಟ್ಟೆ. 2022ರಲ್ಲಿ ಗಣೇಶ ಚತುರ್ಥಿ ಆಗಸ್ಟ್ 31. 2023ರಲ್ಲಿ ಅಧಿಕ ಶ್ರಾವಣ ಬಂದು ಹಬ್ಬ ಸೆಪ್ಟೆಂಬರ್ 18ಕ್ಕೆ ಹೋಗಿತ್ತು. ಮೊದಲೇ ಶೆಡ್ಯೂಲ್ ಮಾಡಿಟ್ಟ 'ಹಬ್ಬಕ್ಕೆ ಹತ್ತೇ ದಿನ, ಕಡುಬಿಗೆ ಈಗಲೇ ಬುಕ್ ಮಾಡಿ' ಪೋಸ್ಟ್ ಆಗಸ್ಟ್ 21ಕ್ಕೆ ಹೊರಬಿತ್ತು. ಮಾಲೀಕರಿಗೆ ಜನ ಫೋನ್ ಮಾಡಿ ನಕ್ಕರು. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು, ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಅದನ್ನು ಸರಿಮಾಡುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಬಂದು ಗಣೇಶನ ಹಬ್ಬ ಹಿಂದಿನ ವರ್ಷದ ಆಗಸ್ಟ್ 27ರಿಂದ ಸೆಪ್ಟೆಂಬರ್ 14ಕ್ಕೆ ಜಿಗಿಯಿತು. ಗೋಡೆಯ ಪಂಚಾಂಗದ ಕ್ಯಾಲೆಂಡರ್ ಇಳಿಸಿ ಪಕ್ಕದಲ್ಲಿ ಇಟ್ಟುಕೊಂಡೇ ಬರೆಯಿರಿ.

ವಾಟ್ಸಾಪ್ ಬಗ್ಗೆಯೂ ಕೇಳಿದ್ದೀರಿ. ಸ್ಟೇಟಸ್ 24 ಗಂಟೆಗೆ ಮಾಯ. ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಒಂದೇ ಮೆಸೇಜನ್ನು 256 ಜನರಿಗೆ ಕಳಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಸೀರೆ ಪ್ಯಾಕ್ ಮಾಡುವಾಗ ಒಳಗೆ ಒಂದು ಚೀಟಿ ಇಡಿ, 'ನಂಬರ್ ಸೇವ್ ಮಾಡಿಕೊಳ್ಳಿ' ಅಂತ.

ಪ್ರಶ್ನೆ: ಪೋಸ್ಟ್ ಹಾಕಲು ಒಳ್ಳೆಯ ಸಮಯ ಯಾವುದು?

ನಿಮ್ಮ ಪೇಜ್‌ನ ಇನ್‌ಸೈಟ್ಸ್‌ನಲ್ಲಿದೆ, ಅಂದರೆ ಪೇಜನ್ನು ಯಾರು ಯಾವಾಗ ನೋಡುತ್ತಾರೆ ಎಂಬ ಲೆಕ್ಕದಲ್ಲಿ. ನನ್ನ ಹತ್ತಿರ ರಾಹುಕಾಲ, ಗುಳಿಕಕಾಲದ ಪಟ್ಟಿ ಇಲ್ಲ.

ಪ್ರಶ್ನೆ: 800 ರೂಪಾಯಿಗೆ 10 ಸಾವಿರ ಫಾಲೋವರ್ಸ್ ಕೊಡುತ್ತೇವೆ ಎನ್ನುತ್ತಾರೆ. ತಗೊಳ್ಳಲೇ?

ಅವರಲ್ಲಿ ಒಬ್ಬರಾದರೂ ನಿಮ್ಮ ಅಂಗಡಿಯ ಮೆಟ್ಟಿಲು ಹತ್ತಿದರೆ ನನಗೂ ತಿಳಿಸಿ.

ಪ್ರಶ್ನೆ: ಪ್ರತಿ ಸೋಮವಾರ ಸ್ಫೂರ್ತಿಯ ಮಾತು ಹಾಕಬಹುದೇ?

ಬೇಡ.

ಪ್ರಶ್ನೆ: ನಮ್ಮದು ಹಾವೇರಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಎಲ್ಲ ಹಬ್ಬಕ್ಕೂ ಶುಭಾಶಯ ಹಾಕುತ್ತೇವೆ. ಬೇರೆ ಏನು ಹಾಕುವುದು?

ನಿಮ್ಮ ಹಬ್ಬ ಬೇರೆ ಸ್ವಾಮಿ. ಮಳೆ ಬರುವ ಮೊದಲು, ಮೇ ಮೊದಲ ವಾರವೇ ಟಾರ್ಪಾಲು, ಶೀಟು, ಸೋರುವ ತಾರಸಿಗೆ ಬಳಿಯುವ ಸಾಮಾನು. ದೀಪಾವಳಿಗೆ ತಿಂಗಳಿದೆ ಅನ್ನುವಾಗ ಸುಣ್ಣ, ಬಣ್ಣ. ಸಂಕ್ರಾಂತಿ ಕಳೆದ ಮೇಲೆ ಮನೆ ಕಟ್ಟುವವರು ಜಾಸ್ತಿ, ಆಗ ಸಿಮೆಂಟು, ಕಬ್ಬಿಣ. ಶುಭಾಶಯದ ಚಿತ್ರ ಬಿಟ್ಟು ಕಬ್ಬಿಣದ ಅವತ್ತಿನ ರೇಟು ಹಾಕಿ, ಬೆಳಿಗ್ಗೆ 8ರೊಳಗೆ. ಮೇಸ್ತ್ರಿಗಳು ಕೆಲಸಕ್ಕೆ ಹೊರಡುವ ಮೊದಲು ಅದನ್ನೇ ಹುಡುಕುತ್ತಾರೆ.