ಬಾವಿಯನ್ನೂ ಒಪ್ಪಂದದಲ್ಲಿ ಬರೆಸಿ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಮಂಗಳೂರಿನವು. ಎಲ್ಲವೂ ಪೇಟೆ ಮಧ್ಯದ ಫ್ಲಾಟುಗಳ ಬಗ್ಗೆ. ಕದ್ರಿ, ಬಿಜೈ, ಮಣ್ಣಗುಡ್ಡ, ಅತ್ತಾವರ, ಫಳ್ನೀರ್, ಕೊಡಿಯಾಲಬೈಲ್, ಎಲ್ಲಿ ಹೋದರೂ ಹಳೆ ಮನೆಯ ಪಾಗಾರದ ಉದ್ದಕ್ಕೆ ತಗಡಿನ ಶೀಟು ಕಟ್ಟಿದೆ, ಒಳಗೆ ಜೆಸಿಬಿ ನಿಂತಿದೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಮಣ್ಣಗುಡ್ಡದಲ್ಲಿ ನಮ್ಮದು 24 ಸೆಂಟ್ಸ್ ಜಾಗ, ಅತ್ತೆಯ ಕಾಲದ ಹಂಚಿನ ಮನೆ. ಮಗ ಮಸ್ಕತ್‌ನಲ್ಲಿ, ಮಗಳು ಬೆಂಗಳೂರಿನಲ್ಲಿ. ನಾನೊಬ್ಬಳೇ. ಮಳೆಗಾಲಕ್ಕೆ ಹಂಚು ಕೈಯಾಡಿಸಲು ಜನ ಸಿಗುವುದಿಲ್ಲ. ಬಿಲ್ಡರ್ ಒಬ್ಬರು ಜಾಯಿಂಟ್ ವೆಂಚರ್‌ಗೆ ಕೇಳುತ್ತಿದ್ದಾರೆ, ನಾಲ್ಕು ಫ್ಲಾಟ್ ಕೊಡುತ್ತಾರಂತೆ. ಕೊಡಬಹುದಾ? (ನಿವೃತ್ತ ಶಿಕ್ಷಕಿ, ಮಣ್ಣಗುಡ್ಡ)

ಟೀಚರ್, ಕೊಡಬಹುದು. ಒಬ್ಬರೇ ಅಷ್ಟು ದೊಡ್ಡ ಮನೆಯಲ್ಲಿ ಸೋರುವ ಮಾಡಿನ ಕೆಳಗೆ ಪಾತ್ರೆ ಇಡುತ್ತಾ ಕೂತಿರಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಅವಸರ ಬೇಡ.

ಮೊದಲು ಜಾಗ ಯಾರ ಹೆಸರಲ್ಲಿದೆ ನೋಡಿ. ನಮ್ಮ ಕಡೆ ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿಯ) ಕಾಲದಿಂದ ಬಂದ ಆಸ್ತಿಗಳಲ್ಲಿ ಯಾರೂ ನೆನಪಿಟ್ಟುಕೊಳ್ಳದ ಪಾಲುದಾರರು ಒಪ್ಪಂದದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಎದ್ದು ಬರುತ್ತಾರೆ, ಆಮೇಲೆ ಕೆಲಸ ಅರ್ಧಕ್ಕೆ ನಿಂತು ಇದ್ದ ಮನೆಯೂ ಇಲ್ಲ, ಬರಬೇಕಾದ ಫ್ಲಾಟೂ ಇಲ್ಲ ಅನ್ನುವ ಸ್ಥಿತಿ ಆಗುತ್ತದೆ. ಪಾಲುಪಟ್ಟಿ, ವೀಲುನಾಮೆ, ಇ-ಖಾತಾ, ಎಲ್ಲವನ್ನೂ ನಿಮ್ಮದೇ ವಕೀಲರಿಗೆ ತೋರಿಸಿ. ಬಿಲ್ಡರ್ ಕಳಿಸಿದ ವಕೀಲರಿಗಲ್ಲ.

"ನಾಲ್ಕು ಫ್ಲಾಟ್" ಅನ್ನುವುದು ಮಾತು ಅಷ್ಟೇ. ಎಷ್ಟನೇ ಮಹಡಿ, ಯಾವ ದಿಕ್ಕು, ಯಾವ ನಂಬರ್, ಕಾರ್ಪೆಟ್ ಅಳತೆ (ಫ್ಲಾಟಿನ ಗೋಡೆಗಳ ಒಳಗೆ ನಿಜವಾಗಿ ಬಳಸಲು ಸಿಗುವ ಜಾಗ) ಎಷ್ಟು, ಕಾರು ನಿಲ್ಲಿಸುವ ಜಾಗ ಯಾವುದು, ಇದೆಲ್ಲ ನಕ್ಷೆಯ ಮೇಲೆ ಗುರುತು ಹಾಕಿ ಒಪ್ಪಂದಕ್ಕೆ ಸೇರಿಸಬೇಕು. ಕೆಲಸ ಮುಗಿಯುವ ತಾರೀಕು, ತಡವಾದರೆ ತಿಂಗಳಿಗೆ ಎಷ್ಟು, ಅಲ್ಲಿವರೆಗೆ ನಿಮ್ಮ ಬಾಡಿಗೆ ಯಾರು ಕೊಡುತ್ತಾರೆ, ಅದೂ ಬೇಕು. ಪವರ್ ಆಫ್ ಅಟಾರ್ನಿ ಕೊಡುವಾಗ ಅವರ ಪಾಲಿನ ಫ್ಲಾಟುಗಳ ಮಟ್ಟಿಗೆ ಮಾತ್ರ ಕೊಡಿ, ಇಡೀ ಜಾಗಕ್ಕೆ ಕೊಡಬೇಡಿ. ಒಪ್ಪಂದ ರಿಜಿಸ್ಟರ್ ಆಗಲೇಬೇಕು. ಇದರಲ್ಲಿ ತೆರಿಗೆಯ ಅನುಕೂಲವೂ ಇದೆ: 2017ರ ಏಪ್ರಿಲ್‌ನಿಂದ ಬಂದ ನಿಯಮದ ಪ್ರಕಾರ, ರಿಜಿಸ್ಟರ್ ಆದ ಜಂಟಿ ಒಪ್ಪಂದದಲ್ಲಿ ಜಾಗ ಕೊಟ್ಟ ವ್ಯಕ್ತಿಗೆ ಲಾಭದ ಮೇಲಿನ ತೆರಿಗೆ ಬೀಳುವುದು ಸಹಿ ಹಾಕಿದ ವರ್ಷ ಅಲ್ಲ, ಕಟ್ಟಡಕ್ಕೆ ಕಂಪ್ಲೀಷನ್ ಸರ್ಟಿಫಿಕೇಟ್ ಸಿಕ್ಕಿದ ವರ್ಷ. ಅದಕ್ಕಿಂತ ಮುಂಚೆ ನಿಮ್ಮ ಪಾಲು ಮಾರಿದರೆ ಈ ಅನುಕೂಲ ಹೋಗುತ್ತದೆ.

ಇನ್ನು ನೀವು ಕೇಳದೆ ಇದ್ದ ಒಂದು ವಿಷಯ. ನಿಮ್ಮ ಹಿತ್ತಲಲ್ಲಿ ಬಾವಿ ಇದ್ದೇ ಇರುತ್ತದೆ ಅಲ್ವಾ? ಅದನ್ನು ಒಪ್ಪಂದದಲ್ಲಿ ಬರೆಸಿ. "ಬಾವಿಯನ್ನು ಮುಚ್ಚತಕ್ಕದ್ದಲ್ಲ, ಸುತ್ತ ಇಷ್ಟು ಅಡಿ ಜಾಗ ಬಿಡತಕ್ಕದ್ದು" ಅಂತ ಒಂದು ಸಾಲು ಸಾಕು.

ನಾನು ಹುಟ್ಟಿ ಬೆಳೆದ ಬಿಜೈಯ ಮನೆ ಹೋಗಿ ಹನ್ನೊಂದು ವರ್ಷ ಆಯಿತು. ಮನೆ ಕೆಡವಿದ ದಿನ ನನಗೆ ಅಷ್ಟು ಬೇಸರ ಆಗಲಿಲ್ಲ. ಬಾವಿ ಮುಚ್ಚಿದ ದಿನ ನಾನು ಅಲ್ಲೇ ನಿಂತಿದ್ದೆ. ಕೆಂಪುಕಲ್ಲಿನ ಗೋಡೆ, ಸಂದಿಯಲ್ಲಿ ಜರಿಗಿಡ, ಹಗ್ಗ ಉಜ್ಜಿ ಉಜ್ಜಿ ದಂಡೆಯ ಕಲ್ಲಿನಲ್ಲಿ ಬಿದ್ದಿದ್ದ ಗೀರು. ಮೇ ತಿಂಗಳಲ್ಲೂ ಎರಡು ಆಳು ನೀರು ನಿಲ್ಲುತ್ತಿದ್ದ ಬಾವಿ ಅದು. ಮೂರು ಟಿಪ್ಪರ್ ಮಣ್ಣು ಸಾಕಾಯಿತು. ಮೊದಲ ಲೋಡ್ ಬಿದ್ದಾಗ ಕೆಳಗಿಂದ ನೀರಿನ ಸದ್ದು ಬಂತು, ಎರಡನೆಯದಕ್ಕೆ ಬರಲಿಲ್ಲ. ಈಗ ಅದೇ ಜಾಗದ ಅಪಾರ್ಟ್‌ಮೆಂಟಿನ ಮುಂದೆ ಪ್ರತಿ ಏಪ್ರಿಲ್‌ನಲ್ಲಿ ನೀರಿನ ಟ್ಯಾಂಕರ್ ನಿಂತಿರುತ್ತದೆ. ಒಪ್ಪಂದದಲ್ಲಿ ಬಾವಿಯ ಮಾತೇ ಇರಲಿಲ್ಲ, ನಾವು ಯಾರೂ ಕೇಳಿರಲಿಲ್ಲ.

ನಾಗಬನ ಇರುವ ಜಾಗ ಸಿಕ್ಕಿದರೆ ನಮ್ಮ ಊರಿನ ಬಿಲ್ಡರ್‌ಗಳು ಅದನ್ನು ಬಿಟ್ಟೇ ನಕ್ಷೆ ಮಾಡಿಸುತ್ತಾರೆ. ಎಷ್ಟೋ ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ಇವತ್ತಿಗೂ ಬನ ಇದೆ, ನಾಗನಿಗೆ ತಂಬಿಲದ ಪೂಜೆ ನಡೆಯುತ್ತದೆ. ಬನವನ್ನು ಬಿಟ್ಟು ಕಟ್ಟಲು ಬರುತ್ತದೆ ಅಂದಮೇಲೆ ಬಾವಿಯನ್ನು ಬಿಟ್ಟು ಕಟ್ಟಲೂ ಬರುತ್ತದೆ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಕರಂಗಲ್ಪಾಡಿ ಹತ್ತಿರ ಕಟ್ಟುತ್ತಿರುವ ಒಂದು ಕಟ್ಟಡದಲ್ಲಿ 2 ಬೆಡ್‌ರೂಮ್ ಫ್ಲಾಟ್ ನೋಡಿದ್ದೇವೆ. 1,240 ಚದರ ಅಡಿ, 65 ಲಕ್ಷ. ಶೇ 20 ಕೊಟ್ಟು ಬುಕ್ ಮಾಡಿ, ಅಗ್ರಿಮೆಂಟ್ ಆಮೇಲೆ ಮಾಡೋಣ ಅನ್ನುತ್ತಿದ್ದಾರೆ. (ಗಂಡ ಹೆಂಡತಿ, ಕುಲಶೇಖರ)

ಕೊಡಬೇಡಿ. ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆ ಬಂದಿರುವುದೇ ಇದಕ್ಕೆ. ರಿಜಿಸ್ಟರ್ ಮಾಡಿದ ಅಗ್ರಿಮೆಂಟ್ ಇಲ್ಲದೆ ಶೇ 10ಕ್ಕಿಂತ ಜಾಸ್ತಿ ಹಣ ತೆಗೆದುಕೊಳ್ಳುವ ಹಾಗಿಲ್ಲ. "ಎಲ್ಲರೂ ಹೀಗೇ ಕೊಡುತ್ತಾರೆ" ಅಂದರೆ ನೀವು ಎದ್ದು ಬನ್ನಿ.

ಎಂಟಕ್ಕಿಂತ ಜಾಸ್ತಿ ಫ್ಲಾಟ್ ಇರುವ, ಅಥವಾ 500 ಚದರ ಮೀಟರ್‌ಗಿಂತ ದೊಡ್ಡ ಜಾಗದ ಯೋಜನೆ ಆದರೆ ಕರ್ನಾಟಕ ರೇರಾದಲ್ಲಿ ನೋಂದಣಿ ಆಗಿರಬೇಕು. ನಂಬರ್ ಕೇಳಿ, ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಮಂಜೂರಾದ ನಕ್ಷೆ, ಮುಗಿಸುತ್ತೇವೆ ಅಂತ ಅವರೇ ಬರೆದುಕೊಟ್ಟ ತಾರೀಕು, ಎಲ್ಲ ಅಲ್ಲಿರುತ್ತದೆ. ಕೊಳ್ಳುವವರಿಂದ ಬಂದ ಹಣದಲ್ಲಿ ಶೇ 70 ಬೇರೆ ಖಾತೆಯಲ್ಲಿ ಇಟ್ಟು ಅದೇ ಕಟ್ಟಡದ ಜಾಗಕ್ಕೆ ಮತ್ತು ಕೆಲಸಕ್ಕೆ ಮಾತ್ರ ಖರ್ಚು ಮಾಡಬೇಕು ಅನ್ನುವ ನಿಯಮವೂ ಇದೆ.

1,240 ಅಂದರೆ ಯಾವ ಅಳತೆ ಅಂತ ಕೇಳಿದಿರಾ? ನನ್ನ ತಂಗಿಯ ಫ್ಲಾಟಿನದ್ದೂ ಕಾಗದದಲ್ಲಿ ಹೆಚ್ಚು ಕಡಿಮೆ ಇಷ್ಟೇ ಇತ್ತು. ಒಂದು ಭಾನುವಾರ ಇಬ್ಬರೂ ಟೇಪು ಹಿಡಿದು ಅಡಿಗೆಮನೆಯಿಂದ ಶುರು ಮಾಡಿ ಕೋಣೆ ಕೋಣೆ ಅಳೆದೆವು. 870 ಬಂತು. ಉಳಿದದ್ದು ಮೆಟ್ಟಿಲು, ಲಿಫ್ಟು, ಓಡಾಡುವ ಜಾಗದ ಪಾಲು. ಅದೂ ಬೇಕಾದದ್ದೇ, ಆದರೆ ಅದರಲ್ಲಿ ಮಂಚ ಹಾಕಲು ಆಗುವುದಿಲ್ಲ. ಬೆಲೆಯನ್ನು ಕಾರ್ಪೆಟ್ ಅಳತೆಗೆ ಭಾಗಿಸಿ, ಆಮೇಲೆ ಬೇರೆ ಕಟ್ಟಡದ ಜೊತೆ ಹೋಲಿಸಿ.

65 ಲಕ್ಷದ ಮೇಲೆ ಬರುವ ಖರ್ಚನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಕಟ್ಟುತ್ತಿರುವ ಫ್ಲಾಟಿಗೆ ಶೇ 5 ಜಿಎಸ್‌ಟಿ, ಅಂದರೆ 3.25 ಲಕ್ಷ. 45 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಫ್ಲಾಟಿಗೆ ಸ್ಟ್ಯಾಂಪ್ ಡ್ಯೂಟಿ ಪೂರ್ತಿ ಬೆಲೆಯ ಮೇಲೆ ಶೇ 5, ಅದರ ಮೇಲೆ ಸೆಸ್ಸು. ರಿಜಿಸ್ಟ್ರೇಷನ್ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಜಿಎಸ್‌ಟಿ ಬಿಟ್ಟು ಇವು ಒಟ್ಟು ಶೇ 7.6ರ ಹತ್ತಿರ, ನಿಮಗೆ ಸುಮಾರು 5 ಲಕ್ಷ. ಕಂಪ್ಲೀಷನ್ ಸರ್ಟಿಫಿಕೇಟ್ ಸಿಕ್ಕಿದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ, ಅದನ್ನೂ ಲೆಕ್ಕ ಹಾಕಿ.

ಡೋರ್ ನಂಬರ್ ಮತ್ತು ಒ.ಸಿ. (ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ) ಇಲ್ಲದೆ ಗೃಹಪ್ರವೇಶದ ದಿನ ನಿಗದಿ ಮಾಡಬೇಡಿ. ಒ.ಸಿ. ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಖಡಾಖಂಡಿತ ಹೇಳಿದೆ.

ಪ್ರಶ್ನೆ: ನಮ್ಮ ಪಾಗಾರದ ಪಕ್ಕದಲ್ಲೇ ಬೇಸ್‌ಮೆಂಟಿಗೆ ಆಳ ಹೊಂಡ ತೋಡಿದ್ದಾರೆ. ಮಳೆ ಶುರುವಾಗುತ್ತಿದೆ. ನಮ್ಮ ಅಡಿಗೆಮನೆ ಗೋಡೆಯಲ್ಲಿ ಸಣ್ಣ ಬಿರುಕು ಕಾಣುತ್ತಿದೆ. ಸುಮ್ನೆ ಹೆದರುತ್ತಿದ್ದೇನಾ? (ಗೃಹಿಣಿ, ಅತ್ತಾವರ)

ಸುಮ್ನೆ ಅಲ್ಲಮ್ಮ. ಇದನ್ನು ಇವತ್ತೇ ನೋಡಿ.

ಮಂಗಳೂರಿನ ಮಣ್ಣು ಮೇಲಿಂದ ನೋಡಿದರೆ ಗಟ್ಟಿ ಕೆಂಪುಕಲ್ಲು. ಅದರ ಕೆಳಗೆ ಶೇಡಿ ಅನ್ನುವ ಜೇಡಿಯಂಥ ಮಣ್ಣು. ಒಣಗಿದ್ದಾಗ ಹಾರೆ ಹಾಕಿದರೂ ಜಗ್ಗದ ಹಾಗೆ ಇರುತ್ತದೆ, ನೀರು ಕುಡಿದರೆ ಶಕ್ತಿಯೆಲ್ಲ ಹೋಗಿ ಜಾರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಹೊಂಡದ ಬದಿಗೆ ಸರಿಯಾದ ತಡೆಗೋಡೆ ಇಲ್ಲದೆ ಬಿಟ್ಟರೆ ಏನಾಗುತ್ತದೆ ಅಂತ ನಾವು 2024ರ ಜುಲೈಯಲ್ಲಿ ಬಲ್ಮಠದಲ್ಲಿ ನೋಡಿದ್ದೇವೆ. ಕಟ್ಟಡದ ಕೆಲಸದ ಜಾಗದಲ್ಲಿ ಮಣ್ಣು ಕುಸಿದು ಇಬ್ಬರು ಕೆಲಸಗಾರರು ಸಿಕ್ಕಿಬಿದ್ದರು. ಒಬ್ಬರನ್ನು ಜೀವಸಹಿತ ತೆಗೆದರು, ಇನ್ನೊಬ್ಬರು ಉಳಿಯಲಿಲ್ಲ. ದೂರದ ಊರಿಂದ ದುಡಿಯಲು ಬಂದವರು. ಹೊಂಡದ ಒಳಗೆ ಇರುವವರ ಜೀವವೂ ನಿಮ್ಮ ದೂರಿನ ಮೇಲೆ ನಿಂತಿದೆ ಅಂತಲೇ ತಿಳಿದುಕೊಳ್ಳಿ.

ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ, ಫೋಟೋ ತೆಗೆಯಿರಿ. ಎರಡು ದಿನ ಬಿಟ್ಟು ಬಿರುಕು ಗೆರೆ ದಾಟಿದೆಯಾ ನೋಡಿ. ದಾಟಿದ್ದರೆ ಆ ಕೋಣೆಯಲ್ಲಿ ಮಲಗಬೇಡಿ. ಮಹಾನಗರಪಾಲಿಕೆಯ ನಗರ ಯೋಜನಾ ವಿಭಾಗಕ್ಕೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೂ ಕೊಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ನಿಮ್ಮ ಮನೆಯ ಈಗಿನ ಸ್ಥಿತಿಯ ವರದಿ ಮಾಡಿಸಿ. ಮುಂದೆ ಪರಿಹಾರ ಕೇಳಬೇಕಾಗಿ ಬಂದರೆ ಕೈಗೆ ಬರುವುದು ಆ ಕಾಗದವೇ.

ಪ್ರಶ್ನೆ: ಇಷ್ಟೊಂದು ಫ್ಲಾಟು ಯಾರಿಗೆ? ಪೇಟೆ ನಡುವೆ ಇವನ್ನೆಲ್ಲ ಕಟ್ಟಲು ಬಿಟ್ಟು ಊರು ಹಾಳಾಗುತ್ತಿದೆ ಅಂತ ನಿಮಗೆ ಅನಿಸುವುದಿಲ್ಲವಾ? (ಹಿರಿಯ ಓದುಗರು, ರಥಬೀದಿ)

ಅಣ್ಣ, ನಿಮ್ಮ ಬೇಸರ ನನಗೂ ಇದೆ. ಆದರೆ ಪೇಟೆ ಮಧ್ಯದಲ್ಲಿ ಜನ ವಾಸ ಮಾಡಬಾರದು ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ. ನಿಮ್ಮ ರಥಬೀದಿಯನ್ನೇ ನೋಡಿ. ಕೆಳಗೆ ಅಂಗಡಿ, ಮೇಲೆ ಮನೆ, ಹಾಗೆಯೇ ಬೆಳೆದ ಬೀದಿ ಅಲ್ವಾ ಅದು? ಪೇಟೆಯಲ್ಲೇ ಮನೆ ಇದ್ದರೆ ವಯಸ್ಸಾದವರು ನಡೆದುಕೊಂಡು ಡಾಕ್ಟರ ಹತ್ತಿರ ಹೋಗಬಹುದು, ಮಕ್ಕಳು ಬಸ್ಸಿಗೆ ಗಂಟೆಗಟ್ಟಲೆ ಕಾಯಬೇಕಾಗಿಲ್ಲ, ರಾತ್ರಿ ಎಂಟರ ಮೇಲೂ ಬೀದಿಯಲ್ಲಿ ಜನ ಇರುತ್ತಾರೆ. ಊರ ಹೊರಗಿನ ಗದ್ದೆಗೆ ಮಣ್ಣು ತುಂಬಿ ಲೇಔಟ್ ಮಾಡುವುದಕ್ಕಿಂತ, ಬಾಗಿಲು ಮುಚ್ಚಿ ಬಿದ್ದಿರುವ ಹಂಪನಕಟ್ಟೆಯ ಹಳೆ ಕಟ್ಟಡಗಳ ಜಾಗದಲ್ಲಿ ಮನೆ ಕಟ್ಟುವುದು ನೂರು ಪಾಲು ಮೇಲು.

ನನ್ನ ತಕರಾರು ಬೇರೆ. 24 ಸೆಂಟ್ಸಿನಲ್ಲಿ ಐದು ಜನ ಇದ್ದ ಕಡೆ ಈಗ ನಲವತ್ತು ಸಂಸಾರ ಬರುತ್ತದೆ. ರಸ್ತೆ ಅಷ್ಟೇ ಅಗಲ, ಒಳಚರಂಡಿಯ ಪೈಪು ಅದೇ ಹಳೆಯದು. ಕುಡಿಯುವ ನೀರು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ ಬರಬೇಕು, ಮಳೆ ತಡವಾದ 2019ರ ಬೇಸಿಗೆಯಲ್ಲಿ ಸರದಿ ಪ್ರಕಾರ ನೀರು ಬಿಟ್ಟದ್ದು ನಿಮಗೂ ನೆನಪಿರಬೇಕು. ಮೂವತ್ತು ಮಹಡಿಗೆ ಅನುಮತಿ ಕೊಡುವ ಮೊದಲು ಆ ಬೀದಿಯ ಪೈಪು ಎಷ್ಟು ತಡೆಯುತ್ತದೆ ಅಂತ ನೋಡಿ, ಅದನ್ನು ಜನರ ಮುಂದೆ ಇಡಬೇಕು. ಇದು ಬಿಲ್ಡರ್ ಮಾಡುವ ಕೆಲಸ ಅಲ್ಲ, ಪಾಲಿಕೆ ಮತ್ತು ಮುಡಾ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ಮಾಡಬೇಕಾದದ್ದು. ನಿಮ್ಮ ವಾರ್ಡಿನ ಸಭೆಯಲ್ಲಿ ಇದನ್ನೇ ಕೇಳಿ, "ಕಟ್ಟಬೇಡಿ" ಅಂದರೆ ಯಾರೂ ಕಿವಿಗೊಡುವುದಿಲ್ಲ.

ಹಂಪನಕಟ್ಟೆ ಅನ್ನುವ ಹೆಸರು ಅಪ್ಪಣ್ಣನ ಕಟ್ಟೆಯಿಂದ ಬಂತು, ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣ ಅಲ್ಲಿ ಇದ್ದ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. 2021ರಲ್ಲಿ ಸ್ಮಾರ್ಟ್ ಸಿಟಿ ಕೆಲಸಕ್ಕೆ ಆ ವೃತ್ತದಲ್ಲಿ ಅಗೆದಾಗ ರಸ್ತೆಯ ಅಡಿಯಲ್ಲಿ ದೊಡ್ಡ ಹಳೆ ಬಾವಿಯೇ ಸಿಕ್ಕಿತು. ನಾನೂ ನೋಡಲು ಹೋಗಿದ್ದೆ. ಅಷ್ಟು ವರ್ಷ ಅದರ ಮೇಲೆ ಬಸ್ಸು ಓಡಾಡಿದ್ದವು.

ಪ್ರಶ್ನೆ: ದುಬೈಯಲ್ಲಿದ್ದೇನೆ. ಕದ್ರಿಯಲ್ಲಿ ಒಂದು ಹಳೆ ಫ್ಲಾಟ್ ಕೊಳ್ಳುವ ಯೋಚನೆ. ಮಾರುವವರೂ ಎನ್‌ಆರ್‌ಐ. ಅಪ್ಪನ ಹೆಸರಿಗೆ ಪವರ್ ಆಫ್ ಅಟಾರ್ನಿ ಕಳಿಸಿದರೆ ಸಾಕಾ?

ಕಳಿಸಬಹುದು. ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿ. ಇಲ್ಲಿ ಕೈಗೆ ಬಂದ ಮೂರು ತಿಂಗಳ ಒಳಗೆ ಅಪ್ಪ ಅದಕ್ಕೆ ಇಲ್ಲಿನ ಸ್ಟ್ಯಾಂಪ್ ಹಾಕಿಸಬೇಕು.

ಜಾಸ್ತಿ ಜನ ಎಡವುವುದು ಟಿಡಿಎಸ್‌ನಲ್ಲಿ, ಅಂದರೆ ಕೊಳ್ಳುವವರು ಬೆಲೆಯಿಂದ ಹಿಡಿದು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ. ಮಾರುವವರು ಇಲ್ಲೇ ಇರುವವರಾದರೆ 50 ಲಕ್ಷ ಮತ್ತು ಮೇಲಿನ ಬೆಲೆಗೆ ಶೇ 1 ಹಿಡಿದರೆ ಮುಗಿಯಿತು. ಎನ್‌ಆರ್‌ಐ ಆದರೆ ಆ 50 ಲಕ್ಷದ ಮಿತಿಯೇ ಇಲ್ಲ, ದರವೂ ತುಂಬಾ ಜಾಸ್ತಿ. ಹಿಡಿಯದೆ ಇದ್ದರೆ ಇಲಾಖೆ ಕೇಳುವುದು ಕೊಂಡ ನಿಮ್ಮನ್ನು. ಮುಂಗಡ ಕೊಡುವ ಮೊದಲೇ ಒಬ್ಬ ಸಿಎ ಹತ್ತಿರ ಕೂತು ಮಾತಾಡಲು ಅಪ್ಪನಿಗೆ ಹೇಳಿ.

ಇನ್ನೊಂದು ಮಾತು. ಕೊಂಡ ಮೇಲೆ ಬೀಗ ಹಾಕಿ ಇಡಬೇಡಿ, ಬಾಡಿಗೆಗಾದರೂ ಕೊಡಿ. ಸಂಜೆ ಹೊತ್ತು ಕದ್ರಿಯಲ್ಲಿ ನಿಂತು ನೋಡಿದರೆ ಎಷ್ಟೋ ಮಹಡಿಗಳಲ್ಲಿ ದೀಪವೇ ಇರುವುದಿಲ್ಲ, ಇತ್ತ ಮನೆ ಹುಡುಕುತ್ತಾ ನರ್ಸುಗಳು, ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳು ಪಿ.ಜಿ.ಗಳಲ್ಲಿ ಮೂರು ಮೂರು ಜನ ಮಲಗುತ್ತಿದ್ದಾರೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಳೆ ಬಾವಿ ಉಳಿದಿದೆ, ಆದರೆ ಮಾರ್ಚಿಗೇ ಬತ್ತುತ್ತದೆ. ಮುಚ್ಚಿ ಪಾರ್ಕಿಂಗ್ ಮಾಡೋಣ ಅನ್ನುತ್ತಿದ್ದಾರೆ. (ಅಸೋಸಿಯೇಷನ್ ಕಾರ್ಯದರ್ಶಿ, ಫಳ್ನೀರ್)

ದಯವಿಟ್ಟು ಬೇಡ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿದ್ದೀರಿ ಅಂತ ಕಾಣುತ್ತದೆ, ನೀರು ಇಳಿಯಲು ಜಾಗವೇ ಇಲ್ಲ. ನಿಮ್ಮ ತಾರಸಿ ಬರೀ 1,000 ಚದರ ಅಡಿ ಅಂತ ಇಟ್ಟುಕೊಂಡರೂ ಒಂದು ಮಳೆಗಾಲದಲ್ಲಿ ಅದರ ಮೇಲೆ ಮೂರು ಲಕ್ಷ ಲೀಟರ್ ಬೀಳುತ್ತದೆ. ಈಗ ಅದೆಲ್ಲ ಚರಂಡಿಗೆ ಹೋಗುತ್ತಿದೆ.

ತಾರಸಿಯ ಪೈಪುಗಳನ್ನು ಒಂದು ಕಡೆ ಸೇರಿಸಿ. ಬಾವಿಯ ಪಕ್ಕ ಒಂದು ಡ್ರಮ್ಮಿನಲ್ಲಿ ತಳಕ್ಕೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮೇಲೆ ಮರಳು ಹಾಕಿ ಸೋಸಿ ಬಿಡಿ. ಮೊದಲ ಎರಡು ಮೂರು ಮಳೆಯ ನೀರು ಮಾತ್ರ ಹೊರಗೆ ಹೋಗಲಿ, ಅದರಲ್ಲಿ ಧೂಳು, ಹಕ್ಕಿಯ ಹಿಕ್ಕೆ ಇರುತ್ತದೆ. ಕುಡಿಯಲು ಬಳಸುವುದಾದರೆ ನೀರನ್ನು ಪರೀಕ್ಷೆ ಮಾಡಿಸಿ, ಒಳಚರಂಡಿಯ ಪೈಪು ಬಾವಿಯ ಹತ್ತಿರ ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಪ್ಲಂಬರ್ ಮತ್ತು ಪೈಪಿನ ಖರ್ಚು ನಲವತ್ತು ಮನೆಗೆ ಹಂಚಿದರೆ ಯಾರಿಗೂ ಭಾರ ಆಗುವುದಿಲ್ಲ. ಮೇ ಕೊನೆಯ ಒಳಗೆ ಮುಗಿಸಿ, ಬರುವ ಮಾರ್ಚಿನಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ನೀರು ಎಷ್ಟಿದೆ ಅಳೆದು ನನಗೊಂದು ಕಾಗದ ಬರೆಯಿರಿ.