ತುಘಲಕ್ ಓದಿ, ನಾಗಮಂಡಲ ಆಡಿ

ಹೊಸನಗರ ತಾಲೂಕಿನ ಯುವಕ ಸಂಘವೊಂದರಿಂದ ಬಂದ ಪತ್ರ: "ಜನವರಿಯ ಜಾತ್ರೆಗೆ ‘ತುಘಲಕ್’ ಆಡಬೇಕೆಂದಿದ್ದೇವೆ. ಗಂಡಸರು 9, ಹೆಂಗಸರು 3. ಶಾಲೆಯ ಬಯಲು ವೇದಿಕೆ 20 ಅಡಿ ಅಗಲ, 14 ಅಡಿ ಆಳ. ಕೈಯಲ್ಲಿ 45 ದಿನ ಇದೆ. ಊರ ಹಿರಿಯರು ಪೌರಾಣಿಕವೇ ಆಗಲಿ ಅನ್ನುತ್ತಾರೆ. ಏನು ಮಾಡೋಣ?"

ಪ್ರಿಯರೇ,

ತುಘಲಕ್ ಬೇಡ, ಈ ವರ್ಷವಂತೂ ಬೇಡ. 1964ರ ಆ ನಾಟಕದಲ್ಲಿ 13 ದೃಶ್ಯ, ಇಪ್ಪತ್ತಕ್ಕೂ ಮಿಕ್ಕಿ ಪಾತ್ರ. ಒಬ್ಬೊಬ್ಬರು ಎರಡು ಮೂರು ವೇಷ ಕಟ್ಟಿದರೆ ಜನ ಹೇಗೋ ಸಾಲುತ್ತಾರೆ. ತೊಡಕು ಬೇರೆ ಕಡೆ ಇದೆ. ಕಾರ್ನಾಡರು ಅದನ್ನು ಕಂಪನಿ ನಾಟಕದ ಲೆಕ್ಕಾಚಾರದಲ್ಲಿ ಕಟ್ಟಿದ್ದಾರೆ. ಮುಂದಿನ ಪರದೆಯ ಎದುರು ಅಜೀಜ್, ಆಜಮ್ ಎಂಬ ಮೋಸಗಾರ ಜೋಡಿಯ ಬೀದಿ ದೃಶ್ಯ ನಡೆಯುತ್ತಿರುವಾಗ ಹಿಂದೆ ಅರಮನೆ ಸಿದ್ಧವಾಗಬೇಕು. 14 ಅಡಿಯಲ್ಲಿ 5 ಅಡಿ ಬೀದಿಗೆ ಬಿಟ್ಟರೆ ಸುಲ್ತಾನನಿಗೆ ಉಳಿಯುವುದು 9. ಸಿಂಹಾಸನ ಎಳೆಯುವ ಸದ್ದು ಮುಂದಿನವರ ಮಾತನ್ನು ನುಂಗುತ್ತದೆ. ನಿಮ್ಮ ಮೂವರು ಹೆಂಗಸರಲ್ಲಿ ತೂಕದ ಪಾತ್ರ ಸಿಗುವುದು ಸುಲ್ತಾನನ ಮಲತಾಯಿಯಾಗುವವರಿಗೆ ಮಾತ್ರ. ಆದರೆ ಓದುವುದಕ್ಕೆ ಇದಕ್ಕಿಂತ ಬೇರೆ ಬೇಡ. ತಾಲೀಮಿನ ಮೊದಲ ಎರಡು ಸಂಜೆ ಎಲ್ಲರೂ ಕೂತು ಗಟ್ಟಿಯಾಗಿ ಓದಿ. ಯಾರ ನಾಲಿಗೆ ಎಲ್ಲಿ ತೊಡರುತ್ತದೆ ಅನ್ನುವುದು ಅಲ್ಲೇ ಗೊತ್ತಾಗಿಬಿಡುತ್ತದೆ.

ಹಿರಿಯರ ಮಾತಿಗೆ ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ಇದೆ. ಏಕಲವ್ಯನ ಕಥೆ, ಪಾತ್ರಗಳು ಕಡಿಮೆ, ಅಬ್ಬೆಯ ಪಾತ್ರವಂತೂ ಎದೆ ನಡುಗಿಸುವಂಥದ್ದು. ಆದರೆ ಅದು ಸರಳ ರಗಳೆ, ಪ್ರಾಸವಿಲ್ಲದ ಪದ್ಯ. ಐದೈದು ಮಾತ್ರೆಯ ನಾಲ್ಕು ಗಣ ಮುಗಿದ ಕಡೆಯೆಲ್ಲ ನಟ ಉಸಿರು ನಿಲ್ಲಿಸಿದರೆ ಮಗ್ಗಿ ಒಪ್ಪಿಸಿದಂತೆ ಕೇಳುತ್ತದೆ. ಸಾಲು ಎಲ್ಲಿ ಮುಗಿಯುತ್ತದೆಂದು ನೋಡದೆ, ಅರ್ಥ ಎಲ್ಲಿ ಮುಗಿಯುತ್ತದೋ ಅಲ್ಲಿ ಪೆನ್ಸಿಲ್ ಗೀಟು ಹಾಕಿಕೊಂಡು ಕಲಿಯಬೇಕು. ಹಳಗನ್ನಡ ಬಿಡಿಸಿ ಹೇಳುವ ಮೇಷ್ಟ್ರು ಊರಲ್ಲಿದ್ದರೆ ಸರಿ, ಇಲ್ಲದಿದ್ದರೆ 45 ದಿನ ಸಾಲದು. ಅಂದಹಾಗೆ, ಹ್ಯಾಮ್ಲೆಟ್‌ನನ್ನು ಬಿದನೂರಿಗೆ ತಂದ ಕುವೆಂಪು ಅವರ ‘ರಕ್ತಾಕ್ಷಿ’ ನಿಮ್ಮ ತಾಲೂಕಿನದೇ ಕಥೆ; ಬಿದನೂರಿನ, ಅಂದರೆ ಈಗಿನ ನಗರದ ಕೋಟೆ ನೋಡಿದವರೆಲ್ಲ ಒಮ್ಮೆ ಓದಬೇಕು.

ನೀವು ಆಡಬೇಕಾದದ್ದು ಕಾರ್ನಾಡರದೇ ‘ನಾಗಮಂಡಲ’. ಗಂಡ ಅಪ್ಪಣ್ಣ ಹಗಲು ಬಂದು ಹೋಗುತ್ತಾನೆ, ರಾತ್ರಿ ಅವನದೇ ರೂಪದಲ್ಲಿ ನಾಗ ರಾಣಿಯ ಬಳಿ ಬರುತ್ತಾನೆ, ಇದು ಕಥೆ. ರಾಣಿ, ಕುರುಡವ್ವ, ಕಥೆ ಎಂಬ ಹೆಣ್ಣು, ಹೀಗೆ ಮೂರು ಗಟ್ಟಿ ಪಾತ್ರಗಳು. ಗುಡಿಯಲ್ಲಿ ಸೇರಿ ಮಾತಾಡುವ ದೀಪದ ಜ್ವಾಲೆಗಳಿಗೆ ಹೈಸ್ಕೂಲಿನ ಐದಾರು ಹುಡುಗಿಯರು ಸಾಕು. ಗಂಡಸರಲ್ಲಿ ಅಪ್ಪಣ್ಣ ಮತ್ತು ನಾಗ ಒಬ್ಬನೇ. ಕಪ್ಪಣ್ಣ, ನಾಟಕಕಾರ, ಊರ ಹಿರಿಯರು ಮೂವರು, ಉಳಿದ ಮೂವರು ಮೇಳಕ್ಕೆ. ಲೆಕ್ಕ ಸರಿಹೋಯಿತು.

ಮೊದಲು ಒಂದು ಮಾತು: ಆರಂಭದ ಪಾಳುಗುಡಿಯ ದೃಶ್ಯವನ್ನು ಕತ್ತರಿಸಬೇಡಿ. ತನ್ನ ನಾಟಕಗಳಿಂದ ಜನರಿಗೆ ನಿದ್ದೆ ಬರಿಸಿದ ತಪ್ಪಿಗೆ ನಾಟಕಕಾರ ಇಡೀ ರಾತ್ರಿ ಎಚ್ಚರ ಇರಬೇಕು, ಇಲ್ಲವೇ ಸಾಯಬೇಕು. ಉದ್ದವಾಯಿತೆಂದು ಇದನ್ನು ಬಿಟ್ಟರೆ ಕೊನೆಯಲ್ಲಿ ಕಥೆ ಮತ್ತೆ ಮತ್ತೆ ಮುಕ್ತಾಯ ಬದಲಿಸುವುದು ಯಾಕೆಂದೇ ತಿಳಿಯುವುದಿಲ್ಲ. ಜಾತ್ರೆಯ ಜನ ನಗುವುದೂ ಅಲ್ಲೇ.

ಅಪ್ಪಣ್ಣ ಹೆಂಡತಿಯನ್ನು ಕೂಡಿಹಾಕಿ ಬೀಗ ಜಡಿದು ಹೋಗುತ್ತಾನಲ್ಲ, ಅಲ್ಲಿ ಹಲಗೆಯ ಬಾಗಿಲು ನಿಲ್ಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಗೋಡೆಯಿಲ್ಲದ ಬಾಗಿಲು ಪ್ರತಿ ಸಲವೂ ಅಲ್ಲಾಡುತ್ತದೆ, ಜನ ರಾಣಿಯ ಮುಖ ಬಿಟ್ಟು ಬಾಗಿಲನ್ನೇ ನೋಡುತ್ತಾರೆ. ಹಳೆಯ ಮನೆಯ ದೊಡ್ಡ ಬೀಗವೊಂದನ್ನು ಅಪ್ಪಣ್ಣನ ಕೈಗೆ ಕೊಡಿ, ಚಿಲಕದ ಸದ್ದನ್ನು ಮೇಳದವರು ಸರಪಳಿಯಲ್ಲಿ ಮಾಡಲಿ.

ಗಂಡನ ಒಲವಿಗೆಂದು ಕುರುಡವ್ವ ಕೊಟ್ಟ ಬೇರನ್ನು ರಾಣಿ ಹಾಕಿದ ಸಾರು ಕೆಂಪಾಗಿ ಉಕ್ಕುವ ಕಡೆ ಬಣ್ಣದ ನೀರು ಹಿಡಿದರೆ ದೂರದವರಿಗೆ ಕಾಣಿಸುವುದಿಲ್ಲ. ಮಡಕೆಯ ತಳದಲ್ಲಿ ಕೆಂಪು ಜಿಲೆಟಿನ್ ಕಾಗದ ಸುತ್ತಿದ ಚಿಕ್ಕ ಟಾರ್ಚನ್ನು ಹೊತ್ತಿಸಿ ಮೇಲ್ಮುಖವಾಗಿ ಇಡಿ. ರಾಣಿ ಮುಚ್ಚಳ ತೆಗೆದು ಬಗ್ಗಿದಾಗ ಬೆಳಕು ಅವಳ ಗಲ್ಲದಿಂದ ಹಣೆಗೆ ಏರಬೇಕು. ವೇದಿಕೆಯ ದೀಪ ಆಗ ಅರ್ಧಕ್ಕೆ ಇಳಿದಿರಬೇಕು, ಇಲ್ಲದಿದ್ದರೆ ಕೆಂಪು ಸತ್ತುಹೋಗುತ್ತದೆ.

ಅಪ್ಪಣ್ಣನಿಗೂ ನಾಗನಿಗೂ ವೇಷ ಬದಲಿಸಬೇಡಿ. ಅಪ್ಪಣ್ಣನ ಹೆಗಲಿಗೆ ಒಂದು ಶಲ್ಯ ಇರಲಿ, ನಾಗನಿಗೆ ಬೇಡ. ನಾಗ ಮಾತಿಗೆ ಮುಂಚೆ ಒಂದು ಕ್ಷಣ ತಡೆಯಲಿ. ಪೇಚಾಗುವುದು ಎರಡು ಕಡೆ. ನಾಗದಿವ್ಯದಲ್ಲಿ, ಅಂದರೆ ರಾಣಿ ಹುತ್ತಕ್ಕೆ ಕೈಯಿಟ್ಟು ತಾನು ಪತಿವ್ರತೆಯೆಂದು ಆಣೆ ಮಾಡುವ ಕಡೆ, ಹಾವು ರಾಣಿಯ ತಲೆಯ ಮೇಲೆ ಹೆಡೆ ಎತ್ತಬೇಕು, ಆದರೆ ನಾಗನಾದ ನಟ ಅಪ್ಪಣ್ಣನಾಗಿ ಎದುರಿಗೇ ನಿಂತಿರುತ್ತಾನೆ. ಹುತ್ತದ ಹಿಂದೆ ಕೂತ ಮೇಳದವನೊಬ್ಬ ಕಪ್ಪು ತೋಳಿನ ಅಂಗಿ ತೊಟ್ಟು ಅಂಗೈಯನ್ನೇ ಹೆಡೆ ಮಾಡಲಿ. ಅಂಗಡಿಯ ರಬ್ಬರ್ ಹಾವು ತಂದರೆ ದೃಶ್ಯ ಕೆಟ್ಟಂತೆಯೇ. ಕೊನೆಯಲ್ಲಿ ಅಪ್ಪಣ್ಣನ ಪಕ್ಕ ಮಲಗಿದ ರಾಣಿಯನ್ನು ನೋಡಲು ನಾಗ ಬರುತ್ತಾನೆ. ಆಗ ಕಂಬಳಿ ಹೊದ್ದು ಮಲಗಿರುವವನು ಬೇರೆ ಹುಡುಗ. ದೀಪ ಆರಿದ ನಾಲ್ಕೈದು ಸೆಕೆಂಡಿನಲ್ಲಿ ಈ ಅದಲುಬದಲು ಆಗಬೇಕು, ಇದನ್ನು ಕತ್ತಲಲ್ಲೇ ಇಪ್ಪತ್ತು ಸಲ ಅಭ್ಯಾಸ ಮಾಡಿಸಿ.

ಕಪ್ಪಣ್ಣ ತಾಯಿಯನ್ನು ಹೊತ್ತು ಬರುವುದರಿಂದ ಕುರುಡವ್ವನಿಗೆ ಹಗುರ ಮೈಯವರನ್ನೇ ಆರಿಸಿ. ಹೊತ್ತ ಮೇಲೆ ಹತ್ತು ಹೆಜ್ಜೆಗಿಂತ ಹೆಚ್ಚು ನಡೆಸಬೇಡಿ.

ಈಗ ನಿಮ್ಮ 45 ದಿನ. ಅದು ಅಡಿಕೆ ಕೊಯ್ಲಿನ ಕಾಲ, ಸಂಜೆ ಅರ್ಧ ಜನ ಸುಲಿಯುವುದಕ್ಕೆ ಕೂತಿರುತ್ತಾರೆ. ದಿನವೂ ಎಲ್ಲರೂ ಬರಬೇಕೆಂದು ಹಠ ಹಿಡಿದರೆ ಎರಡನೇ ವಾರಕ್ಕೇ ಜಗಳ. ಓದಿನ ಎರಡು ಸಂಜೆ ಬಿಟ್ಟು ಮೊದಲ 35 ದಿನ ದೃಶ್ಯದ ಪ್ರಕಾರ ಮೂರು ನಾಲ್ಕು ಜನರನ್ನಷ್ಟೇ ಕರೆಯಿರಿ. ಮಾತು ಬಾಯಿಪಾಠಕ್ಕೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತ ಹೊತ್ತಿಗಿಂತ ಒಳ್ಳೆಯ ಹೊತ್ತಿಲ್ಲ. ಕೈ ಕೆಲಸದಲ್ಲಿರುವಾಗ ಕಲಿತ ಮಾತು ವೇದಿಕೆಯ ಮೇಲೆ ಮರೆಯುವುದು ಕಡಿಮೆ. ಕೊನೆಯ 10 ದಿನ ಮಾತ್ರ ಎಲ್ಲರೂ, ಶಾಲೆಯ ವೇದಿಕೆಯಲ್ಲೇ.

ಬೆಳಕಿಗೆ 500 ವ್ಯಾಟಿನ 8 ಹ್ಯಾಲೋಜನ್ ಅಂದುಕೊಂಡರೆ 4,000 ವ್ಯಾಟ್, ಅಂದರೆ 17 ಆಂಪಿಯರ್‌ಗೂ ಮೇಲೆ. ಶಾಲೆಯ ಒಂದೇ ಪ್ಲಗ್ಗಿಗೆ ಅದನ್ನೆಲ್ಲ ಸಿಕ್ಕಿಸಿದರೆ ದಿವ್ಯದ ಹೊತ್ತಿಗೆ ಸರಿಯಾಗಿ ಫ್ಯೂಸ್ ಹೋಗುತ್ತದೆ. ಲೈನ್ ತಿಳಿದವರಿಂದ ಎರಡು ಕಡೆ ಹಂಚಿಸಿ. ಜನರೇಟರ್ ತಂದರೆ ಶಾಲೆಯ ಕಟ್ಟಡದ ಆಚೆ ಬದಿಗೆ ಇಡಿ. ಜನವರಿಯಲ್ಲಿ ಹತ್ತು ಗಂಟೆಯ ಮೇಲೆ ಮಂಜು ಇಳಿದು ಪರದೆ ಒದ್ದೆಯಾಗಿ ಭಾರವಾಗುತ್ತದೆ, ಮೈಕು ಕರಕರ ಅನ್ನುತ್ತದೆ. ಅತಿಥಿಗಳ ಭಾಷಣ ನಾಟಕದ ನಂತರ ಇಟ್ಟು ಏಳೂವರೆಗೆ ಶುರುಮಾಡಿ.

ಕರಪತ್ರದಲ್ಲಿ ‘ನಾಟಕ’ ಅನ್ನುವುದು ದಪ್ಪ ಅಕ್ಷರದಲ್ಲಿರಲಿ. ಹೆಸರು ನೋಡಿ ನಾಗಾರಾಧನೆಯೆಂದು ಹಣ್ಣುಕಾಯಿ ಹಿಡಿದು ಬಂದವರನ್ನು ವಾಪಸು ಕಳಿಸುವುದು ಕಷ್ಟ.

ಇನ್ನು ಅನುಮತಿ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡುವ ನಾಟಕಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ನೀವು ಕುರ್ಚಿಗೆ ಇಪ್ಪತ್ತು ರೂಪಾಯಿ ಇಟ್ಟರೂ ಅದು ತಪ್ಪಿಹೋಗುತ್ತದೆ. ಕಾರ್ನಾಡರು ತೀರಿಕೊಂಡದ್ದು 2019ರಲ್ಲಿ. ಲೇಖಕರು ತೀರಿಕೊಂಡ 60 ವರ್ಷದವರೆಗೆ ಹಕ್ಕು ಉಳಿಯುತ್ತದೆ. ಹಾಗಾಗಿ ಟಿಕೆಟ್ ಇಡುವುದಾದರೆ ಪುಸ್ತಕದಲ್ಲಿರುವ ಪ್ರಕಾಶಕರ ವಿಳಾಸಕ್ಕೆ ಈಗಲೇ ಪತ್ರ ಹಾಕಿ, ಉತ್ತರ ಬಂದ ಮೇಲೆ ಕರಪತ್ರ ಅಚ್ಚಿಗೆ ಕೊಡಿ.

— ಸಂಪಾದಕ